ಮರದ ಎದೆಗೆ ಇಟ್ಟ ಕಿವಿ

ಮೇ 2, ಗುರುವಾರ

ನನ್ನ ಮರ ಬಿತ್ತು.

ಅಂಚೆ ಕಚೇರಿಯ ಬೀದಿಯಲ್ಲಿ, ಬೆಳಗ್ಗೆ ಹತ್ತಕ್ಕೆ, ನಿಲ್ಲಿಸಿದ್ದ ಕಾರಿನ ಮೇಲೆ. ಕಾರಿನ ಯಜಮಾನ ಅಂಚೆಚೀಟಿ ಕೊಳ್ಳಲು ಒಳಗೆ ಹೋಗಿದ್ದ. ಸಾಲು ಉದ್ದ ಇತ್ತು, ಬದುಕಿಕೊಂಡ. "ಇಷ್ಟು ನಿಧಾನ ಮಾಡ್ತಾರಲ್ಲ ಅಂತ ಬೈಕೋತಾ ನಿಂತಿದ್ದೆ ಸ್ವಾಮಿ, ಇನ್ನು ಜನ್ಮದಲ್ಲಿ ಬೈಯಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ನಾನು ಹೋಗಿ ನೋಡಿದಾಗ ನನ್ನ ಬಿಳಿ ಗುರುತು ಆಕಾಶ ನೋಡುತ್ತ ಮಲಗಿತ್ತು. ಬಿಳಿ ಎಂದರೆ ಮರ ಗಟ್ಟಿ, ಇರಲಿ. ಕೆಂಪು ಎಂದರೆ ಕಡಿಯಿರಿ. ಮೂವತ್ತು ವರ್ಷದಿಂದ ಈ ಪಟ್ಟಣದ ಮರಗಳಿಗೆ ಈ ಎರಡು ಬಣ್ಣ ಹಚ್ಚುವುದೇ ನನ್ನ ಉದ್ಯೋಗ. ಮಡಕೆ ಕೊಳ್ಳುವವರು ಬೆರಳಲ್ಲಿ ತಟ್ಟಿ ನೋಡುವ ಹಾಗೆ ನಾನು ಕೊಡತಿಯಿಂದ ಕಾಂಡ ಬಡಿಯುತ್ತೇನೆ, ಕಿವಿ ಇಟ್ಟು ಕೇಳುತ್ತೇನೆ. ಜನ ಮರದ ಡಾಕ್ಟರು ಅನ್ನುತ್ತಾರೆ.

ಮುರಿದ ಬುಡದಲ್ಲಿ ಒಂದು ಕರುವನ್ನು ಅಡಗಿಸಿಡುವಷ್ಟು ಪೊಟರೆ.

"ಏನ್ ಗಾಳಿ ಅಲ್ವಾ!" ಎಂದರು ಎಲ್ಲರೂ. ನಾನೂ ಹಾಗೇ ಅಂದೆ. ಬೀಸಿದ್ದು ಹಣತೆ ಆರಿಸುವಷ್ಟೇ ಗಾಳಿ.

ಹಗ್ಗ ಕಟ್ಟಿಕೊಂಡು ಮರ ಹತ್ತುವ ಹೆಂಗಸೊಬ್ಬಳು ನಮ್ಮ ಗುಂಪಿನಲ್ಲಿದ್ದಾಳೆ. ಎಲ್ಲರಿಗೂ ಅವಳು ಅಳಿಲು. ಬಿಳಿ ಗುರುತನ್ನು ನೋಡಿದಳು, ನನ್ನ ಮುಖ ನೋಡಿದಳು, ಗರಗಸ ಎತ್ತಿಕೊಂಡು ಕೆಲಸಕ್ಕೆ ಇಳಿದಳು.

ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ. ಆ ಮರವನ್ನು ನಾನು ನೋಡಿದ್ದು ಏಪ್ರಿಲ್ ಮೊದಲ ವಾರ. ಹನ್ನೊಂದು ಪೆಟ್ಟು ಹಾಕಿದೆ. ಬಲಗಿವಿಗೆ ಗುಂಯ್ ಎನ್ನುವುದು ಬಿಟ್ಟು ಏನೂ ಕೇಳಿಸಲಿಲ್ಲ. ಎಲೆ ಹಸಿರಾಗಿತ್ತು, ಬುಡ ದಪ್ಪಗಿತ್ತು. ಬಿಳಿ ಹಚ್ಚಿ ಬಂದುಬಿಟ್ಟೆ.

ಮೇ 3, ಶುಕ್ರವಾರ

ದಾಖಲೆ ಪುಸ್ತಕ ತೆರೆದು ಕೂತೆ. ಕಿವಿ ಕೈಕೊಟ್ಟದ್ದು ಮಾರ್ಚ್ ನಡುವಿನಲ್ಲಿ. ನೆಗಡಿಯಿಂದ ಕಟ್ಟಿಕೊಂಡಿದೆ, ಬಿಟ್ಟುಕೊಳ್ಳುತ್ತದೆ ಎಂದುಕೊಂಡಿದ್ದೆ. ಅಂದಿನಿಂದ ಮೂವತ್ತೆಂಟು ಮರಕ್ಕೆ ಬಿಳಿ ಹಚ್ಚಿದ್ದೇನೆ. ಒಂದು ಬಿತ್ತು. ಮೂವತ್ತೇಳು ನಿಂತಿವೆ.

ಹದಿನೇಳನೆಯದು ಶಿಶುವಿಹಾರದ ಅಂಗಳದ್ದು. ಇಬ್ಬರು ಕೈ ಚಾಚಿದರೂ ತೆಕ್ಕೆಗೆ ಸಿಗದಂಥ ಮರ. ಅದರ ದೊಡ್ಡ ಕೊಂಬೆಯೊಂದು ಮಕ್ಕಳು ಮಲಗುವ ಕೋಣೆಯ ತಗಡಿನ ಮೇಲೆ ಚಾಚಿಕೊಂಡಿದೆ. ನನ್ನ ಮೊಮ್ಮಗಳು ಊಟವಾದ ಮೇಲೆ ಮಲಗುವುದು ಅಲ್ಲೇ. ಅವಳಿಗಿನ್ನೂ ನಾಲ್ಕು ವರ್ಷ.

ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದೆ.

ಎಡಗಿವಿ ಚೆನ್ನಾಗಿಯೇ ಇದೆಯಲ್ಲ, ಅದರಲ್ಲೇ ಕೇಳಿದರಾಯಿತು ಎಂದು ನಮ್ಮ ಬೀದಿಯ ಎರಡು ಮರ ಬಡಿದು ನೋಡಿದೆ. ಸದ್ದೇನೋ ಬಂತು. ಆದರೆ ಅರ್ಥ ಬರಲಿಲ್ಲ. ಅಜ್ಜ ಕಲಿಸಿದ್ದು ಬಲಗಿವಿಗೆ. ಮೂವತ್ತು ವರ್ಷದ ವಿದ್ಯೆಯೆಲ್ಲ ಅದರಲ್ಲೇ ಇದೆ. ಎಡಗಿವಿಗೆ ಮರದ ಮಾತು ಬರುವುದಿಲ್ಲ. ಬೇರೆ ದೇಶದಿಂದ ಬಂದ ನೆಂಟನ ಹಾಗೆ ಸುಮ್ಮನೆ ತಲೆಯಾಡಿಸುತ್ತದೆ.

ಊಟಕ್ಕೆ ಕೂತಾಗ ನನ್ನ ಹೆಂಡತಿ ಏನೋ ಹೇಳಿದಳು. ನಾನು "ಹೂಂ, ತುಂಬಾ ಚೆನ್ನಾಗಿದೆ" ಎಂದೆ. ಇವಳು ಸೌಟು ಕೆಳಗಿಟ್ಟಳು.

"ನಮ್ಮಣ್ಣನಿಗೆ ಕಾಲು ಮುರಿದಿದೆ ಅಂದೆ. ಚೆನ್ನಾಗಿದೆಯಾ?"

ಮೇ 6, ಸೋಮವಾರ

ನಮ್ಮ ಕಚೇರಿಯ ದೊಡ್ಡ ಸಾಹೇಬರು ಕರೆಸಿದರು. ಗೊತ್ತಾಗಿಹೋಯಿತು ಎಂದುಕೊಂಡೇ ಮೆಟ್ಟಿಲು ಹತ್ತಿದೆ. ಅವರು ಕೊಟ್ಟದ್ದು ಒಂದು ಹಾಳೆ.

"ನಿಮ್ಮ ಗುಂಪಲ್ಲಿ ಐದು ಭಾಷೆಯವರಿದಾರೆ. ಬೇರು, ತೊಗಟೆ, ಕೊಂಬೆ, ಒಳಗಿನ ತಿರುಳು, ಎಲ್ಲದಕ್ಕೂ ಯಾರು ಏನಂತಾರೆ ಬರ್ಕೊಂಡು ಬನ್ನಿ. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ತಿಳಿಬೇಕಲ್ಲ. ನೀವು ಕಥೆ ಹೇಳೋರು, ಜನ ನಿಮ್ಮ ಹತ್ರ ಬಾಯಿ ಬಿಡ್ತಾರೆ."

ಮುಳುಗುವವನಿಗೆ ಹುಲ್ಲುಕಡ್ಡಿ. ಹಾಳೆ ಹಿಡಿದು ನೇರ ಶಿಶುವಿಹಾರಕ್ಕೆ ಹೋದೆ. ಪದ ಕೇಳುವ ನೆಪದಲ್ಲಿ ಅಲ್ಲಿಯವರ ಕಿವಿಯನ್ನೇ ಮರಕ್ಕೆ ಇಡಿಸಿಬಿಟ್ಟರೆ?

ಅಲ್ಲಿನ ಆಯಾ ದ್ವೀಪದ ಕಡೆಯವಳು. "ಮರದೊಳಗಿನ ಜೀವಕ್ಕೆ ನಿಮ್ಮಲ್ಲಿ ಏನಂತೀರಮ್ಮ?" ಎಂದು ಕೇಳಿದೆ. ಅವಳು ಒಂದು ಪದ ಹೇಳಿ ಪಕ್ಕೆಲುಬಿನ ಕೆಳಗೆ ಬಲಗಡೆ ಕೈ ಇಟ್ಟುಕೊಂಡಳು.

"ಅದು ಪಿತ್ತಜನಕಾಂಗ ಅಲ್ವೇನಮ್ಮ?"

"ನಿಮಗೆ ಅದು ಪಿತ್ತ. ನಮಗೆ ಎಲ್ಲಾ ಅಲ್ಲೇ ಅಣ್ಣಾ. ಪ್ರೀತಿ ಅಲ್ಲೇ, ನೋವು ಅಲ್ಲೇ. ಗಂಡ ಬಿಟ್ಟುಹೋದಾಗ ನನಗೆ ಅಲ್ಲೇ ಮುರೀತು."

"ಒಂದ್ಸಲ ಮರಕ್ಕೆ ಕಿವಿ ಇಡ್ತೀಯಾ? ನಾನು ಬಡೀತೀನಿ."

"ಮಲಗಿರೋ ಮಕ್ಕಳು ಎದ್ರೆ ನೀವು ತೊಟ್ಟಿಲು ತೂಗ್ತೀರಾ?" ಎಂದು ಬಾಗಿಲು ಹಾಕಿಕೊಂಡಳು. ಕಿಟಕಿಯಿಂದ ನೋಡಿದೆ. ಸಾಲು ಹಾಸಿಗೆ, ಮೂರನೆಯದರಲ್ಲಿ ನಮ್ಮ ಮಗು. ಮೇಲೆ ತಗಡು, ತಗಡಿನ ಮೇಲೆ ಕೊಂಬೆಯ ನೆರಳು.

ಮೇ 7, ಮಂಗಳವಾರ

ಮಗುವಿಗೆ ಕೆಮ್ಮು ಎಂದು ಮಗಳಿಗೆ ಸುಳ್ಳು ಹೇಳಿ ಮನೆಯಲ್ಲಿ ಇಟ್ಟುಕೊಂಡೆ. ನಮ್ಮದೊಂದು ಕ್ಷೇಮವಾಗಿದೆ ಎಂದು ನಿಟ್ಟುಸಿರು ಬಿಟ್ಟೆ. ಆಮೇಲೆ ಲೆಕ್ಕ ಬಂತು. ಅಲ್ಲಿ ಇನ್ನೂ ಇಪ್ಪತ್ತೆರಡು ಹಾಸಿಗೆ.



ಮೇ 8, ಬುಧವಾರ

ಮಗು ಮನೆಯಲ್ಲಿ ಕೂರಲೊಲ್ಲದು. ಕೆಮ್ಮು ಎಲ್ಲಿ ಎಂದು ಮಗಳು ಕೇಳಿದಳು. ಕಳಿಸಿಕೊಟ್ಟೆ.

ಕೆಂಪು ಹಚ್ಚಿಬಿಡಲೇ ಎಂದು ಡಬ್ಬಿಯ ಮುಚ್ಚಳ ಕೂಡ ತೆಗೆದೆ. ಆದರೆ ಬಿಳಿ ಇದ್ದ ಕಡೆ ಕೆಂಪು ಬಂದರೆ ಸಾಹೇಬರು ಕೇಳುವ ಮೊದಲ ಮಾತು 'ಯಾಕೆ?' ಎಂಬುದು. ಮರ ಗಟ್ಟಿಯಾಗಿದ್ದರೆ ಕಡಿಸಿದ ಪಾಪ. ಟೊಳ್ಳಾಗಿದ್ದರೆ, ಅಂದು ಯಾಕೆ ಕೇಳಿಸಲಿಲ್ಲ ಎಂಬ ಪ್ರಶ್ನೆ. ಕಿವಿ ಇಲ್ಲದ ಮರದ ಡಾಕ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೊಡತಿ ಕಿತ್ತುಕೊಂಡರೆ ನನ್ನ ಕೈಗೆ ಬೇರೆ ಕೆಲಸ ಗೊತ್ತಿಲ್ಲ.

ಮುಚ್ಚಳ ಮತ್ತೆ ಹಾಕಿದೆ.

ಮೇ 9, ಗುರುವಾರ

ಆ ಮರದ ಬೀದಿ ಕಡೆಯ ನೆರಳಿನಲ್ಲಿ ಬೀಗ ರಿಪೇರಿಯ ಮುದುಕ ಕೂರುತ್ತಾನೆ. ಬೆಟ್ಟಗಳನ್ನು ದಾಟಿ ಬಂದವನು. ಹಾಳೆ ತೋರಿಸಿದೆ. ಅವನು ಹೇಳಿದ್ದು ಇದು. ಅವನ ಭಾಷೆಯಲ್ಲಿ ಎದೆಗೂ ಮನಸ್ಸಿಗೂ ಒಂದೇ ಪದ. ಊರಿನ ನಡುವಿಗೂ ಅದೇ ಪದ ಸೇರುತ್ತದೆ. ಹುಷಾರು ಎನ್ನಲು ಅವರು 'ಪುಟ್ಟ ಎದೆ' ಎಂದು ಹೇಳುತ್ತಾರಂತೆ.

"ಪುಟ್ಟ ಎದೆ ಅಂದ್ರೆ ಹೆದರುಪುಕ್ಕಲ ಅಲ್ವೇನಯ್ಯಾ?"

"ಅಲ್ಲ ಯಜಮಾನ್ರೇ. ಎದೆ ಚಿಕ್ಕದು ಮಾಡ್ಕೊಂಡ್ರೆ ಹೆಜ್ಜೆ ನೋಡಿ ಇಡ್ತೀವಿ. ಎದೆ ಉಬ್ಬಿಸ್ಕೊಂಡು ಹೋದೋರೇ ಬಾವಿಗೆ ಬೀಳೋದು."

ನಮ್ಮ ಮಾತನ್ನು ನೆನೆಸಿಕೊಂಡೆ. ನಮ್ಮಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಅಂಗ ಗೊತ್ತುಮಾಡಿಟ್ಟಿದ್ದಾರೆ. ಬೆದರಿದರೆ ಎದೆ ಝಲ್ಲೆನ್ನಬೇಕು, ಮಗು ಅತ್ತರೆ ಕರುಳು ಚುರ್ರೆನ್ನಬೇಕು, ಪಕ್ಕದ ಮನೆಯವನು ಕಾರು ಕೊಂಡರೆ ಹೊಟ್ಟೆ ಉರಿಯಬೇಕು, ಧೈರ್ಯ ಬೇಕಾದರೆ ಗುಂಡಿಗೆ ಇರಬೇಕು. ಈ ವಾರ ನನ್ನಲ್ಲಿ ಗುಂಡಿಗೆಯದು ಒಂದು ಬಿಟ್ಟು ಎಲ್ಲವೂ ಕೆಲಸ ಮಾಡುತ್ತಿವೆ.

ಮುದುಕ ಬೀಗ ತೆಗೆಯುವುದೂ ಕಿವಿಯಿಂದಲೇ. ತಂತಿ ತೂರಿಸಿ, ಕಿವಿ ಹತ್ತಿರ ಹಿಡಿದು, ಒಳಗಿನ ಚಿಲಕ ಸರಿಯುವುದನ್ನು ಕೇಳುತ್ತಾನೆ. ನಾನು ಹೇಳುವ ಮೊದಲೇ ಎದ್ದು ಕಾಂಡಕ್ಕೆ ಕಿವಿ ಇಟ್ಟ. ನಾನು ಬಡಿದೆ. ಏಳೆಂಟು ಪೆಟ್ಟು. ಅವನು ಕಣ್ಣು ಮುಚ್ಚಿಕೊಂಡಿದ್ದ.

"ಬಾಗಿಲು ಹಾಕಿದ ಖಾಲಿ ಕೋಣೆ ಇದು" ಎಂದ.

ಇವನಿಗೇನು ಗೊತ್ತು ಮರದ ಸಂಗತಿ, ಬೀಗದವನಿಗೆ ಎಲ್ಲವೂ ಕೋಣೆಯೇ ಎಂದುಕೊಂಡು ಬಂದೆ. ದಾರಿಯಲ್ಲಿ ಎರಡು ಸಲ ಎಡವಿದೆ.

ಮೇ 10, ಶುಕ್ರವಾರ

ಖಾಲಿ ಕೋಣೆ.

ಮೇ 13, ಸೋಮವಾರ

ಬುಧವಾರ ಭಾರಿ ಗಾಳಿ ಎಂದು ಕಚೇರಿಯ ಫಲಕದಲ್ಲಿ ಅಂಟಿಸಿದ್ದಾರೆ. ನಿಂತು ಮೂರು ಸಲ ಓದಿದೆ.

ಮಧ್ಯಾಹ್ನ ಅಳಿಲನ್ನು ಶಿಶುವಿಹಾರಕ್ಕೆ ಕರೆದುಕೊಂಡು ಹೋದೆ. ಹಾಳೆ ಮುಂದೆ ಹಿಡಿದು, "ನಿಮ್ಮ ಕಡೆ ಮರದ ನಡುವಿಗೆ ಏನಂತಾರಮ್ಮ?" ಎಂದೆ.

"ಹೊಕ್ಕುಳು ಅಂತೀವಿ. ಕೋಸುಗಡ್ಡೆ ಒಳಗಿನ ಎಳೆಸೂ ಹೊಕ್ಕುಳೇ, ಊರಿನ ನಡುವಿನ ವೃತ್ತವೂ ಹೊಕ್ಕುಳೇ." ಆಮೇಲೆ ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಡಿಸಿದಳು. "ಮಾವ, ನಿಮಗೆ ಪದ ಬೇಕಾ, ಸದ್ದು ಬೇಕಾ?"

ನಾನು ಕೊಡತಿಯ ಹಿಡಿ ಒರೆಸಿಕೊಂಡೆ.

"ಏಪ್ರಿಲಲ್ಲಿ ನಿಮ್ಮ ಬಲಗಡೆ ಕೊಂಬೆ ಬಿಟ್ಟೆ. ಓಡಿ ಓಡಿ ಅಂತ ಮೇಲಿಂದ ಕಿರುಚಿಕೊಂಡೆ. ನೀವು ಬೀಡಿ ಹಚ್ತಾ ನಿಂತಿದ್ರಿ. ಅವತ್ತಿಂದ ನಾನು ನಿಮ್ಮ ಎಡಗಡೆನೇ ನಿಲ್ತೀನಿ, ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಅವಳು ಈಚೆಗೆ ಯಾಕೋ ಹತ್ತಿರ ಬಂದು ನಿಲ್ಲುತ್ತಾಳೆ, ಮರ್ಯಾದೆ ಇರಬೇಕು ಎಂದುಕೊಂಡಿದ್ದೆ.

ಅವಳೇ ಕಿವಿ ಇಟ್ಟಳು. ನಾನು ಸುತ್ತಲೂ ಬಡಿಯುತ್ತ ಹೋದೆ. ಬೀದಿ ಕಡೆ ಬಡಿದಾಗ "ಗೋಡೆ" ಎಂದಳು. ಮುಂದೆ ಹೋದಂತೆ "ಗೋಡೆ... ಬಾಗಿಲು... ಹಲಗೆ" ಎಂದಳು. ಮಕ್ಕಳ ಕೋಣೆಯ ಕಡೆ ಬಂದಾಗ ಇನ್ನೊಮ್ಮೆ ಬಡಿಯಲು ಸನ್ನೆ ಮಾಡಿದಳು.

"ಏನಾಯ್ತು?"

"ಡಬ್ಬಿ, ಮಾವ."

ಟೊಳ್ಳು ಎಂಬುದು ಖಚಿತವಾಯಿತು. ಆದರೆ ಸುತ್ತಲಿನ ಗಟ್ಟಿ ಎಷ್ಟು ಉಳಿದಿದೆ ಎಂಬುದು ಬೈರಿಗೆಯಿಂದ ತೂತು ಕೊರೆದರೆ ಮಾತ್ರ ತಿಳಿಯುತ್ತದೆ. ಬೈರಿಗೆ ಹಾಕಿದರೆ ಮರಕ್ಕೆ ಗಾಯ, ಹಾಗಾಗಿ ಸಾಹೇಬರ ಸಹಿ ಬೇಕು. ಅರ್ಜಿಯಲ್ಲಿ ಒಂದು ಸಾಲು ಇದೆ: ಬಿಳಿ ಗುರುತಿನ ಮರವನ್ನು ಮತ್ತೆ ಪರೀಕ್ಷಿಸಲು ಕಾರಣ.

"ನಾಳೆ ಬರೀತೀನಿ" ಎಂದೆ.

"ನಾಳಿದ್ದು ಗಾಳಿ" ಎಂದಳು.

ಮೇ 14, ಮಂಗಳವಾರ

ಮರಕುಟಿಗ ತೂತು ಕೊರೆದಿದೆ ಎಂದು ಬರೆಯಬೇಕೆಂದು ಮನೆಯಿಂದಲೇ ಯೋಚಿಸಿಕೊಂಡು ಹೋಗಿದ್ದೆ. ಒಳ್ಳೆಯ ಸುಳ್ಳು, ಯಾರೂ ಹತ್ತಿ ನೋಡುವುದಿಲ್ಲ. ಪೆನ್ನು ಕೈಯಲ್ಲಿ ಹಿಡಿದು ಕೂತೆ. ಮರಕುಟಿಗ ಎಂದು ಬರೆದರೆ ಈ ಒಂದು ಮರಕ್ಕೆ ಬೈರಿಗೆ ಸಿಗುತ್ತದೆ. ಉಳಿದ ಮೂವತ್ತಾರಕ್ಕೂ ಮರಕುಟಿಗ ಬರಲು ಸಾಧ್ಯವೇ?

ಬರೆದದ್ದು ಇದು: ಪರೀಕ್ಷಕನ ಬಲಗಿವಿ ಕೇಳುವುದಿಲ್ಲ. ಎರಡು ತಿಂಗಳಾಯಿತು. ಒಟ್ಟು ಮೂವತ್ತೆಂಟು ಮರ. ಪಟ್ಟಿ ಲಗತ್ತಿಸಿದೆ.

ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದನ್ನ ನೀವೇ ಬರೆದಿದ್ದಾ?"

"ಹೌದು ಸಾರ್."

"ಅಂಚೆ ಕಚೇರಿ ಮರನೂ ಈ ಪಟ್ಟಿದೇನಾ?"

"ಹೌದು ಸಾರ್. ಮೊದಲು ಬಿದ್ದದ್ದು ಅದೇ."

ಅವರ ಮುಖ ಕೆಂಪಾಯಿತು. ಏನೇನೋ ಬೈದರು. ಅವರು ನನ್ನ ಬಲಗಡೆ ಓಡಾಡುತ್ತಿದ್ದರು, ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧವೂ ನ್ಯಾಯವಾಗಿಯೇ ಇತ್ತು. ಕೊನೆಗೆ ಎಡಗಡೆ ಬಂದು, "ಕೊಡತಿ ಇಲ್ಲಿಡಿ. ಬೈರಿಗೆ ತಗೊಂಡು ಹೋಗಿ" ಎಂದರು. ಕೊಡತಿ ಮೇಜಿನ ಮೇಲೆ ಇಟ್ಟೆ. ಮೂವತ್ತು ವರ್ಷ ಹಿಡಿದದ್ದು, ಹಿಡಿಯಲ್ಲಿ ನನ್ನ ಹೆಬ್ಬೆರಳಿನ ಗುಳಿ ಇದೆ.

ಐದು ಕಡೆ ಬೈರಿಗೆ ಹಾಕಿದೆವು. ಅಳಿಲು ತಿರುಗಿಸಿದಳು, ನಾನು ಹೊರಬಂದ ಹುಡಿಯನ್ನು ಮೂಸಿ ನೋಡಿದೆ. ಮೂಗು ಇನ್ನೂ ಕೈಕೊಟ್ಟಿಲ್ಲ. ಬೀದಿ ಕಡೆ ಒಂದು ಗೇಣು ನಾಲ್ಕು ಬೆರಳು ಗಟ್ಟಿ, ಹುಡಿ ಘಮಘಮ. ಮಕ್ಕಳ ಕೋಣೆಯ ಕಡೆ ನಾಲ್ಕೇ ಬೆರಳು. ಆಮೇಲೆ ಬೈರಿಗೆ ಜಾರಿ ಒಳಕ್ಕೆ ಹೋಯಿತು, ಅಣಬೆಯ ವಾಸನೆ ಬಂತು. ದೊಡ್ಡ ಕೊಂಬೆಯ ಭಾರವೆಲ್ಲ ಆ ನಾಲ್ಕು ಬೆರಳಿನ ಮೇಲೆ ಕೂತಿತ್ತು. ಅದನ್ನು ಮುಟ್ಟಿ ನೋಡಿ ಬುಡದಲ್ಲೇ ಕೂತುಬಿಟ್ಟೆ.

ಆಯಾ ನೀರು ತಂದುಕೊಟ್ಟಳು. "ಮರ ಸತ್ತುಹೋಗಿದೆಯಾ ಅಣ್ಣಾ? ಒಳಗೆ ಏನೂ ಇಲ್ವಲ್ಲ."

"ಇಲ್ಲಮ್ಮ. ಮರದ ನಡು ಯಾವಾಗಲೂ ಸತ್ತದ್ದೇ. ಚೇಗು ಅಂತೀವಿ, ಬರೀ ಕಂಬದ ಹಾಗೆ ನಿಂತಿರುತ್ತೆ. ಜೀವ ಇರೋದು ಹೊರಗೆ, ತೊಗಟೆ ಕೆಳಗೆ, ಉಗುರಿನಷ್ಟು ದಪ್ಪದಲ್ಲಿ."

ಹೇಳುವಾಗಲೇ ಹಾಳೆ ನೆನಪಾಯಿತು. ಎಲ್ಲರೂ ನಡುವಿಗೇ ಜೀವದ ಹೆಸರು ಇಟ್ಟಿದ್ದೇವೆ, ನಾನೂ ಸೇರಿ. ಮರ ಮಾತ್ರ ತನ್ನ ಜೀವವನ್ನು ಅಂಚಿನಲ್ಲಿ ಇಟ್ಟುಕೊಂಡಿದೆ.

ಕತ್ತಲಾಗುವ ಮುಂಚೆ ಅಳಿಲು ಹತ್ತಿ ದೊಡ್ಡ ಕೊಂಬೆಯನ್ನು ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಿದಳು. ನಾಳೆ ಶಿಶುವಿಹಾರಕ್ಕೆ ರಜೆ. ಬೀಗದ ಮುದುಕನನ್ನೂ ಗಂಟು ಕಟ್ಟಿಸಿ ಎಬ್ಬಿಸಿದೆವು. ಹೋಗುವಾಗ "ಪುಟ್ಟ ಎದೆ ಯಜಮಾನ್ರೇ" ಎಂದ.

ಮೇ 15, ಬುಧವಾರ

ಗಾಳಿ ಹನ್ನೊಂದಕ್ಕೆ ಶುರುವಾಯಿತು. ಈಗ ನಾಲ್ಕು. ಇನ್ನೂ ನಿಂತಿಲ್ಲ. ಮಗು ಮಲಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗ್ಗೆಯಿಂದ ಇವಳು, ನಾನು, ಮಗು ಒಳಕೋಣೆಯಲ್ಲೇ ಇದ್ದೇವೆ. ಎಲ್ಲಿ ಏನು ಬಿದ್ದರೂ ನನಗೆ ಎಡಗಡೆಯಿಂದಲೇ ಬಿದ್ದ ಹಾಗೆ ಕೇಳಿಸುತ್ತದೆ. ಒಂದು ಕಿವಿ ಹೋದರೆ ದಿಕ್ಕೂ ಹೋಗುತ್ತದೆ. ಪ್ರತಿ ಸದ್ದಿಗೂ ಪಟ್ಟಿಯ ಒಂದೊಂದು ಮರ ಕಣ್ಣ ಮುಂದೆ ಬರುತ್ತದೆ. ಔಷಧಿ ಅಂಗಡಿ ಮುಂದಿನದು. ಬಸ್ಸಿನ ತಂಗುದಾಣದ್ದು. ಇಂದು ಆ ಬೀದಿಗಳಿಗೆಲ್ಲ ಹಗ್ಗ ಕಟ್ಟಿಸಿದ್ದೇವೆ ಎಂದು ಸಾಹೇಬರು ಫೋನು ಮಾಡಿ ಹೇಳಿದರು. ಹಗ್ಗ ದಾಟುವವರು ಇದ್ದೇ ಇರುತ್ತಾರೆ.

ಹೆದರಿದ ಮಗುವಿಗೆ ಅಜ್ಜಿಯ ಕಥೆ ಹೇಳಿದೆ. ಒಬ್ಬ ರಾಕ್ಷಸನಿದ್ದ. ಎದೆಗೆ ಕತ್ತಿ ಹಾಕಿದರೂ ಸಾಯುತ್ತಿರಲಿಲ್ಲ, ಅವನ ಜೀವ ಏಳು ಸಮುದ್ರದಾಚೆ ಒಂದು ಗಿಳಿಯಲ್ಲಿತ್ತು.

"ಗಿಳಿ ಹತ್ರ ಯಾಕೆ ಇಟ್ಟ ತಾತ?"

"ಯಾರಿಗೂ ಸಿಗಬಾರದು ಅಂತ."

"ಅವನಿಗೇ ಬೇಕಾದ್ರೆ?"

ಐವತ್ತು ವರ್ಷದಿಂದ ಈ ಕಥೆ ಹೇಳುತ್ತಿದ್ದೇನೆ. ಇದನ್ನು ಯಾರೂ ಕೇಳಿರಲಿಲ್ಲ. 

ಆಮೇಲೆ ಅದಕ್ಕೆ ಆಟ ಹೊಳೆಯಿತು. ಬೆರಳ ಗೆಣ್ಣಿನಿಂದ ನನ್ನ ಎದೆಯನ್ನು ಟಕಟಕ ಬಡಿದು ಕಿವಿ ಇಟ್ಟಿತು.

"ಏನಮ್ಮ ಡಾಕ್ಟರೇ, ಬಿಳಿನಾ ಕೆಂಪಾ?" ಎಂದು ಇವಳು ಕೇಳಿದಳು.

"ಶ್! ಒಳಗೆ ಯಾರೋ ಇದಾರೆ ಅಜ್ಜಿ. ಬಾಗಿಲು ಬಡೀತಿದಾರೆ, ಜೋರಾಗಿ."

"ತೆಗೀರಿ ಮತ್ತೆ" ಎಂದಳು ಇವಳು, ನನ್ನ ಎಡಗಿವಿಯ ಹತ್ತಿರ ಬಗ್ಗಿ. "ಎರಡು ತಿಂಗಳಿಂದ ನಾನೂ ಬಡೀತಾನೇ ಇದೀನಿ. ಬಲಗಡೆ ಬಂದು ಬೈದ್ರೆ ಆಶೀರ್ವಾದ ಮಾಡಿದ ಹಾಗೆ ನಗ್ತೀರಲ್ಲ, ಆಗಲೇ ಗೊತ್ತಾಯ್ತು ನನಗೆ."

ಎಲ್ಲ ಹೇಳಿದೆ. ಇವಳು ಜಾಗ ಬದಲಿಸಿ ಎಡಗಡೆ ಬಂದು ಕೂತಳು.

ಗಾಳಿ ಮತ್ತೆ ಜೋರಾಯಿತು.

ಮೇ 16, ಗುರುವಾರ

ಬೆಳಕು ಹರಿಯುತ್ತಲೇ ನಾನೂ ಅಳಿಲೂ ಶಿಶುವಿಹಾರಕ್ಕೆ ಓಡಿದೆವು. ದೂರದಿಂದ ಮರದ ತಲೆ ಕಾಣಿಸಿತು. ನಿಂತಿದೆ.

ಹತ್ತಿರ ಹೋದ ಮೇಲೆ ಕಂಡದ್ದು ಇದು. ಮಕ್ಕಳ ಕೋಣೆಯ ಕಡೆ, ನಾಲ್ಕು ಬೆರಳಿನ ಜಾಗದಲ್ಲಿ, ನನ್ನ ತೋಳಿನುದ್ದ ಹೊಸ ಬಿರುಕು. ಕೊಂಬೆ ಇದ್ದಿದ್ದರೆ ಅದು ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಆಯಾ ಬಿರುಕನ್ನು ನೋಡಿದಳು, ತಗಡನ್ನು ನೋಡಿದಳು, ಬಲಗಡೆ ಪಕ್ಕೆಯ ಕೆಳಗೆ ಕೈ ಇಟ್ಟುಕೊಂಡು ಅಲ್ಲೇ ಕೂತಳು. ನಾನು ಎಲ್ಲಿ ಕೈ ಇಟ್ಟುಕೊಂಡೆನೋ ನೆನಪಿಲ್ಲ.

ಬಸ್ಸಿನ ತಂಗುದಾಣದ ಮರ ಬಿದ್ದಿದೆ, ಹಗ್ಗದ ಒಳಗೇ. ಯಾರೂ ಇರಲಿಲ್ಲ. ಅದು ಪಟ್ಟಿಯಲ್ಲಿ ಇಪ್ಪತ್ತಾರನೆಯದು.

ಸಾಹೇಬರು ಬಂದು ನೋಡಿದರು. ಮಕ್ಕಳ ಕೋಣೆಯನ್ನು ಅಂಗಳದ ಆ ತುದಿಗೆ ಸಾಗಿಸಬೇಕು, ಆ ಕಡೆಯ ಭಾರ ಇನ್ನಷ್ಟು ಇಳಿಸಬೇಕು, ಮರ ಇರಲಿ ಎಂದರು. "ಬಣ್ಣ ಯಾವುದು ಹಚ್ಚೋದು?" ಎಂದು ಅಳಿಲು ಕೇಳಿದಳು. ಬೀದಿ ಕಡೆ ಬಿಳಿ, ಬಿರುಕಿನ ಕಡೆ ಕೆಂಪು ಹಚ್ಚಿದೆವು. ಅಂಥದ್ದು ನಿಯಮದಲ್ಲಿ ಇಲ್ಲವಂತೆ. ಈಗ ಬರೆದು ಸೇರಿಸಿಕೊಳ್ಳಲಿ.

ಮೇ 20, ಸೋಮವಾರ

ಕಿವಿಯ ಡಾಕ್ಟರು ನೋಡಿದರು. ಬಲಗಿವಿ ಬರುವುದಿಲ್ಲವಂತೆ. ಇನ್ನೊಂದನ್ನು ಜೋಪಾನ ಮಾಡಿ ಎಂದರು.

ಸಾಹೇಬರು ಕೊಡತಿಯನ್ನು ಅಳಿಲಿಗೆ ಕೊಟ್ಟಿದ್ದಾರೆ. ನನ್ನ ಮೇಲೆ ವಿಚಾರಣೆ ಮುಂದಿನ ತಿಂಗಳು. ಅಲ್ಲಿಯವರೆಗೆ ಅವಳ ಜೊತೆ ಹೋಗಿ ಪಟ್ಟಿ ಮುಗಿಸಬೇಕು. ಅವಳು ಬಡಿದು ಕೇಳುತ್ತಾಳೆ, ಕೇಳಿದ್ದನ್ನು ಹೇಳುತ್ತಾಳೆ. ಗೋಡೆ, ಹಲಗೆ, ಡಬ್ಬಿ, ಒದ್ದೆ ಮೂಟೆ. ನಾನು ಬುಡ ನೋಡಿ, ಮಣ್ಣು ಮೂಸಿ, ಬರೆದುಕೊಳ್ಳುತ್ತೇನೆ. ಅನುಮಾನ ಬಂದ ಕಡೆ ಬೀಗದ ಮುದುಕನನ್ನು ಕರೆಸುತ್ತೇವೆ. ಸಾಹೇಬರ ಹಾಳೆಯ ಹಿಂಬದಿ ಹೀಗೆಯೇ ತುಂಬುತ್ತಿದೆ.

ಇಂದು ಐದು ಮರ. ಮೂರು ಬಿಳಿ, ಎರಡು ಕೆಂಪು. ನಮ್ಮ ಮರಗಳು ಇನ್ನೂ ಮೂವತ್ತು ಉಳಿದಿವೆ. ಶುಕ್ರವಾರ ಮತ್ತೆ ಗಾಳಿ ಎಂದು ಫಲಕದಲ್ಲಿದೆ.

ಬೆಳಗ್ಗೆ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟೆ. ಮಲಗುವ ಕೋಣೆ ಈಗ ಅಂಗಳದ ಆ ತುದಿಯಲ್ಲಿದೆ. ಬಾಗಿಲಲ್ಲಿ ಕೈಬಿಡಿಸಿಕೊಂಡು ಓಡುತ್ತಿತ್ತು. ತಡೆದು, "ಪುಟ್ಟ ಎದೆ ಕಂದಾ" ಎಂದೆ. ಅರ್ಥವಾಗಲಿಲ್ಲ. ಆದರೂ ಮೆಟ್ಟಿಲನ್ನು ಒಂದೊಂದಾಗಿ ನೋಡಿಕೊಂಡು ಹತ್ತಿತು.